ಅರಣ್ಯ ಹಕ್ಕು ಅರ್ಜಿ: 75 ವರ್ಷದ ಸಾಕ್ಷಿ ಸಿಗುವುದೆಲ್ಲಿ, ಕಡತ ಬೀಳುವುದೆಲ್ಲಿ?

ಕಾನಂಚು

ಉತ್ತರ ಕನ್ನಡದಲ್ಲಿ ತಿರಸ್ಕಾರವಾದ ಅರಣ್ಯ ಹಕ್ಕು ಅರ್ಜಿಗಳ ಹಿಂಬರಹ ಓದಿದರೆ ಕಾರಣ ಬಹುಪಾಲು ಒಂದೇ: ಮೂರು ತಲೆಮಾರು, ಅಂದರೆ 75 ವರ್ಷದ ದಾಖಲೆ ಹಾಜರುಪಡಿಸಿಲ್ಲ. 2006ರ ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರಿಗೆ ಈ ಮೂರು ತಲೆಮಾರಿನ ಷರತ್ತಿಲ್ಲ. ಸಿದ್ದಿಗಳು 2003ರಲ್ಲಿ ಪಟ್ಟಿಗೆ ಸೇರಿದ್ದರಿಂದ ಪಾರಾದರು. ಹಾಲಕ್ಕಿ, ಕುಣಬಿ, ಗೌಳಿಗಳು ಪಟ್ಟಿಯಲ್ಲಿಲ್ಲ, ಹಾಗಾಗಿ ಅವರು 'ಇತರ ಪಾರಂಪರಿಕ ಅರಣ್ಯವಾಸಿ'. ಒಂದೇ ಬೆಟ್ಟದ ಬುಡದ ಎರಡು ಕೇರಿ, ಅಳತೆಗೋಲು ಬೇರೆ ಬೇರೆ.

ಲೆಕ್ಕ ಹಾಕಿದರೆ 13 ಡಿಸೆಂಬರ್ 1930ಕ್ಕೆ ಮೊದಲಿನ ಪುರಾವೆ ಬೇಕು. ಓದು-ಬರಹ ಇಲ್ಲದ ಕುಟುಂಬ ಅದನ್ನು ಎಲ್ಲಿಂದ ತರಬೇಕು? ಅರ್ಜಿ ಬರೆಸುವವರು ಏನು ತಪ್ಪು ಮಾಡುತ್ತಿದ್ದಾರೆ? ತಿಳಿದವರು ವಿವರವಾಗಿ ಬರೆದರೆ ಊರಲ್ಲಿ ಹತ್ತು ಜನಕ್ಕೆ ಓದಿ ಹೇಳಬಹುದು.

ಹಳೇ ಕಡತ

ಮೊದಲು ಆ ಹಿಂಬರಹವೇ ಎಷ್ಟು ಸರಿ ಅಂತ ನೋಡಿ. ಕಾಯ್ದೆ ಕೇಳುವುದು ಎರಡು ಬೇರೆ ಬೇರೆ ಸಂಗತಿ. ಒಂದು, 13-12-2005ಕ್ಕೆ ಮೊದಲು ಮೂರು ತಲೆಮಾರು ಆ ಸೀಮೆಯ ಕಾಡಿನಲ್ಲಿ ವಾಸವಿದ್ದು ಕಾಡನ್ನೇ ನೆಚ್ಚಿ ಬದುಕಿರಬೇಕು. ಎರಡು, ಅರ್ಜಿಯಲ್ಲಿ ತೋರಿಸಿದ ಜಾಗ 13-12-2005ಕ್ಕೆ ಮೊದಲೇ ಸ್ವಾಧೀನದಲ್ಲಿರಬೇಕು. 75 ವರ್ಷ ಅನ್ನುವುದು ವಾಸಕ್ಕೂ ಅವಲಂಬನೆಗೂ ಅನ್ವಯಿಸುತ್ತದೆ, ಆ ತುಂಡು ನೆಲದ ಸಾಗುವಳಿಗಲ್ಲ. ಬುಡಕಟ್ಟು ವ್ಯವಹಾರಗಳ ಸಚಿವಾಲಯ ಇದನ್ನು ಸ್ಪಷ್ಟಪಡಿಸಿದೆ. ಹೀಗಿದ್ದೂ ಅರ್ಜಿ ಬರೆಯುವವರೇ 'ನಾವು ಈ ಗದ್ದೆಯನ್ನು 80 ವರ್ಷದಿಂದ ಸಾಗುವಳಿ ಮಾಡುತ್ತಿದ್ದೇವೆ' ಎಂದು ಬರೆದು ತಮ್ಮ ಕುತ್ತಿಗೆಗೆ ತಾವೇ ಹಗ್ಗ ಹಾಕಿಕೊಳ್ಳುತ್ತಾರೆ. ಅಜ್ಜ ಇದೇ ಮಜರೆಯಲ್ಲಿದ್ದ, ಕಾಡಿನ ಸೊಪ್ಪು-ಸೌದೆ-ಜೇನಿನಲ್ಲಿ ಬದುಕಿದ್ದ; ಈ ಜಾಗಕ್ಕೆ ಕುಟುಂಬ ಬಂದದ್ದು 1980ರಲ್ಲಿ. ಹೀಗೆ ಬರೆದರೂ ಅರ್ಜಿ ನಿಲ್ಲುತ್ತದೆ, ಅದು ನಿಜವಾಗಿದ್ದರೆ ಹಾಗೇ ಬರೆಯಬೇಕು.

ಇನ್ನು ಸಾಕ್ಷಿ. ಈ ಕಾಯ್ದೆಯಡಿ ಬಂದ ನಿಯಮಾವಳಿಯ 13ನೇ ನಿಯಮ ಎರಡು ಬಗೆಯ ಸಾಕ್ಷಿ ಇದ್ದರೆ ಸಾಕು ಅನ್ನುತ್ತದೆ. ಎರಡೂ ಕಾಗದವೇ ಆಗಬೇಕೆಂದಿಲ್ಲ. ಅರ್ಜಿದಾರನಲ್ಲದ ಬೇರೆ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದೂ ಒಂದು ಸಾಕ್ಷಿ. ಹಳೇ ಬಾವಿ, ಮಸಣ, ದೇವರ ಬನ, ಕಟ್ಟೆ, ಒಡ್ಡು, ಸಮತಟ್ಟು ಮಾಡಿದ ನೆಲ, ಇವೂ ಸಾಕ್ಷಿ. ಹಳೇ ಭೂದಾಖಲೆಯಲ್ಲಿ ಹೆಸರಿರುವ ಹಿರಿಯನವರೆಗೆ ಮುಟ್ಟುವ ವಂಶವೃಕ್ಷವೂ ಸಾಕ್ಷಿ. 2012ರ ತಿದ್ದುಪಡಿಯಲ್ಲಿ ಸೇರಿದ 12-ಎ ನಿಯಮವಂತೂ, ಇಂಥದ್ದೇ ದಾಖಲೆ ತಾ ಎಂದು ಉಪವಿಭಾಗ ಸಮಿತಿ ಅಥವಾ ಜಿಲ್ಲಾ ಸಮಿತಿ ಪಟ್ಟು ಹಿಡಿಯುವಂತಿಲ್ಲ ಎಂದೇ ಹೇಳುತ್ತದೆ.

ಆದರೂ ಕಾಗದ ಇದ್ದರೆ ಬಲ ಹೆಚ್ಚು. ಹುಡುಕಬೇಕಾದ ಜಾಗಗಳು:

ಶಾಲೆಯ ದಾಖಲಾತಿ ವಹಿ. ಅಜ್ಜ ಓದದಿದ್ದರೂ ಅಜ್ಜನ ತಮ್ಮ ಒಂದನೇ ಇಯತ್ತೆಗೆ ಹೆಸರು ಹಚ್ಚಿರಬಹುದು. ನಂತರ ಊರಿನ ಜನನ-ಮರಣ ವಹಿ. ಮೊದಲ ಮಹಾಚುನಾವಣೆಯ ಕಾಲದ ಮತದಾರರ ಪಟ್ಟಿಯಲ್ಲಿ 50 ವರ್ಷದವನೊಬ್ಬನ ಹೆಸರು ಇದ್ದರೆ ಅವನು 1900ರ ಆಸುಪಾಸಿನಲ್ಲಿ ಹುಟ್ಟಿದವನೆಂದಾಯಿತು, ವಂಶವೃಕ್ಷ ಅಲ್ಲಿಂದ ಹಿಡಿಯಬಹುದು. 1883ರ ಮುಂಬಯಿ ಪ್ರಾಂತದ ಕೆನರಾ ಗೆಜೆಟಿಯರಿನಲ್ಲಿ ಸಮುದಾಯಗಳ ವಿವರ ಇದೆ. ಅದು ವ್ಯಕ್ತಿಯ ಹೆಸರು ಕೊಡುವುದಿಲ್ಲ, ಆದರೆ ಈ ಸಮುದಾಯ ಈ ಸೀಮೆಯ ಕಾಡಲ್ಲಿತ್ತು ಎಂಬುದನ್ನು ಸ್ಥಾಪಿಸುತ್ತದೆ. ಅದರ ಜೊತೆಗೊಂದು ಹಿರಿಯರ ಹೇಳಿಕೆ ಇಟ್ಟರೆ ಎರಡು ಸಾಕ್ಷಿ ಆಯಿತು.

ಎಲ್ಲಕ್ಕಿಂತ ಗಟ್ಟಿ ದಾಖಲೆ ಇರುವುದು ಅರಣ್ಯ ಇಲಾಖೆಯ ಕಪಾಟಿನಲ್ಲೇ. ಎಫ್‌ಒಸಿ (ಅರಣ್ಯ ಅಪರಾಧ ಪ್ರಕರಣ) ಪ್ರತಿ, ದಂಡ ಕಟ್ಟಿದ ರಶೀದಿ, ಅತಿಕ್ರಮಣದಾರರ ಪಟ್ಟಿ. ಕಳ್ಳ ಎಂದು ಬರೆದುಕೊಂಡ ಕಾಗದವೇ ಇವನು ಆ ದಿನ ಆ ಜಾಗದಲ್ಲಿದ್ದ ಅನ್ನುವುದಕ್ಕೆ ಸರ್ಕಾರಿ ಮೊಹರು. ಜನ ಇದನ್ನು ನಾಚಿಕೆಯಿಂದಲೋ ಹೆದರಿಕೆಯಿಂದಲೋ ಪೆಟ್ಟಿಗೆಯ ತಳದಲ್ಲಿ ಇಟ್ಟಿರುತ್ತಾರೆ. ಕರ್ನಾಟಕದಲ್ಲಿ 27-4-1978ಕ್ಕೆ ಮೊದಲಿನ ಅತಿಕ್ರಮಣ ಸಕ್ರಮಕ್ಕೆಂದು ತಯಾರಾದ ಪಟ್ಟಿಗಳನ್ನೂ ಕೇಳಿ ಪಡೆಯಿರಿ. ಅವು 2005ರ ಷರತ್ತಿಗೆ ಸಾಕು ಸಾಕಾಗುವಷ್ಟು.

ಕಾನಂಚು

ದಂಡದ ರಶೀದಿ ಕೊಟ್ಟರೆ ಅಪರಾಧ ಒಪ್ಪಿಕೊಂಡಂತೆ ಆಗುವುದಿಲ್ಲವೇ?

ಹಳೇ ಕಡತ

ಇಲ್ಲ. ಅರಣ್ಯಹಕ್ಕು ಕಾಯ್ದೆ ಕೊಡುವುದು ಹೊಸ ಮಂಜೂರಾತಿಯಲ್ಲ, ಮೊದಲೇ ಇದ್ದ ಹಕ್ಕಿಗೆ ಮಾನ್ಯತೆ. ಮೊದಲು ಪ್ರಕರಣ ದಾಖಲಾಗಿತ್ತು ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವಂತಿಲ್ಲ. ಆದರೆ ರಶೀದಿಯ ದಿನಾಂಕ ಒಮ್ಮೆ ಓದಿಕೊಂಡು ಕೊಡಿ ಮಾರಾಯ್ರೆ. 2009ರ ಎಫ್‌ಒಸಿಯಲ್ಲಿ 'ಹೊಸದಾಗಿ ಕಡಿದು' ಅಂತ ಬರೆದಿದ್ದರೆ ಅದು ನಿಮ್ಮ ವಿರುದ್ಧದ ಸಾಕ್ಷಿ.

ಗಡಿಕಲ್ಲು

ಒಂದು ಸೇರ್ಪಡೆ. ಯಾವ ಕಪಾಟು ಅನ್ನುವುದು ಆ ಸೀಮೆ ಯಾರ ಆಳ್ವಿಕೆಯಲ್ಲಿತ್ತು ಅನ್ನುವುದರ ಮೇಲೆ ಹೋಗುತ್ತದೆ. ಉತ್ತರ ಕನ್ನಡ 1862ರವರೆಗೆ ಮದ್ರಾಸ್ ಪ್ರಾಂತ, ಆಮೇಲೆ 1956ರವರೆಗೆ ಮುಂಬಯಿ. ಹೀಗಾಗಿ ಜಿಲ್ಲೆಯ ಹೊರಗೆ ಹೋದ ಮೇಲ್ಮಟ್ಟದ ಕಡತಗಳನ್ನು ಮುಂಬಯಿ ಪತ್ರಾಗಾರದಲ್ಲಿ ಹುಡುಕಬೇಕು. ಕೊಳ್ಳೇಗಾಲ, ಹನೂರು, ಮಲೆ ಮಹದೇಶ್ವರ ಬೆಟ್ಟದ ಸೀಮೆ 1956ರವರೆಗೆ ಕೊಯಮತ್ತೂರು ಜಿಲ್ಲೆ. ಅಲ್ಲಿನ ಸೋಲಿಗರ ಹಳೇ ದಾಖಲೆಯನ್ನು ಮೈಸೂರಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನ. ಒಂದೇ ಬೆಟ್ಟಸಾಲು, ಎರಡು ರಾಜ್ಯದ ಕಡತ. ಕೊಡಗು ಇನ್ನೂ ಬೇರೆ, 1834ರಿಂದ ನೇರ ಬ್ರಿಟಿಷ್ ಆಡಳಿತ.

ಇನ್ನೊಂದು ಸಂಗತಿ ಯಾರೂ ಗಮನಿಸುವುದಿಲ್ಲ. 1930 ಅಂದರೆ ಉಪ್ಪಿನ ಸತ್ಯಾಗ್ರಹದ ವರ್ಷ. ಅಂಕೋಲಾ, ಸಿದ್ದಾಪುರ ಕಡೆ ಕರನಿರಾಕರಣೆ ನಡೆದು ಆಸ್ತಿ ಜಪ್ತಿಯಾದದ್ದು ಅದರ ಬೆನ್ನಿಗೇ. ಜಪ್ತಿ ನೋಟೀಸು, ಪಂಚನಾಮೆ, ಶಿಕ್ಷೆಯ ಆದೇಶಗಳಲ್ಲಿ ಊರು, ಕೇರಿ, ತಂದೆಯ ಹೆಸರು ಬರೆದಿರುತ್ತದೆ. ಅವು ನ್ಯಾಯಾಂಗದ ದಾಖಲೆ, 13ನೇ ನಿಯಮದ ಪಟ್ಟಿಯಲ್ಲೇ ಇವೆ. ಜಮೀನು ಇದ್ದವರದ್ದೇ ಹೆಚ್ಚು ಸಿಗುತ್ತದೆ ನಿಜ, ಆದರೆ ಪಂಚರಾಗಿ ಹೆಬ್ಬೆಟ್ಟು ಒತ್ತಿದವರು ಹಲವೊಮ್ಮೆ ಅದೇ ಕೇರಿಯ ಕೂಲಿಗಳು.

ಸರಪಳಿ 33

ದಾಖಲೆಯ ಮಾತು ಆಯಿತು, ಅಳತೆಯ ಮಾತು ಯಾರೂ ಆಡುವುದಿಲ್ಲ. ಬೇಕಾದಷ್ಟು ಅರ್ಜಿ ಬೀಳುವುದು ಅಲ್ಲಿ.

ಕೈಯಲ್ಲಿ ಹಿಡಿಯುವ ಜಿಪಿಎಸ್ ಸಾಧನ, ಮೊಬೈಲು ಎರಡರಲ್ಲೂ ತೆರೆದ ಬಯಲಲ್ಲೇ 3ರಿಂದ 5 ಮೀಟರ್ ಆಚೀಚೆ ಆಗುತ್ತದೆ. ಮರದ ಕೆಳಗೆ, ಕಣಿವೆಯಲ್ಲಿ ಇನ್ನೂ ಹೆಚ್ಚು. 10 ಗುಂಟೆ ಅಂದರೆ ಸುಮಾರು 1012 ಚದರ ಮೀಟರ್, ಚೌಕವಾಗಿದ್ದರೆ ಒಂದು ಬದಿ 32 ಮೀಟರಿಗೆ ತುಸು ಕಡಿಮೆ. ನಾಲ್ಕೂ ಗಡಿ 3 ಮೀಟರ್ ಒಳಗೆ ಸರಿದರೆ ಉಳಿಯುವುದು 26 ಮೀಟರಿನ ಚೌಕ, ಅಂದರೆ ಆರೂಮುಕ್ಕಾಲು ಗುಂಟೆಗೆ ತುಸು ಕಡಿಮೆ. ಹೊರಗೆ ಸರಿದರೆ 14 ಗುಂಟೆ ದಾಟುತ್ತದೆ. ಅದೇ ತಪ್ಪು 4 ಹೆಕ್ಟೇರಿನ ಜಾಗದಲ್ಲಿ ಆದರೆ ಹೋಗುವುದು ಶೇಕಡಾ 6 ಮಾತ್ರ. ಅಂದರೆ ಯಂತ್ರದ ತಪ್ಪು ಬಡವನ ತುಂಡು ಭೂಮಿಯನ್ನೇ ಹೆಚ್ಚು ತಿನ್ನುತ್ತದೆ.

ಆದ್ದರಿಂದ ಅರ್ಧ ಎಕರೆಗಿಂತ ಚಿಕ್ಕ ಜಾಗವನ್ನು ಟೇಪು ಅಥವಾ ಸರಪಳಿಯಲ್ಲೇ ಅಳೆಯಿರಿ. 33 ಅಡಿಯ ಸರಪಳಿ, 33 × 33 ಅಡಿ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಓರೆಕೋರೆ ಜಾಗವನ್ನು ತ್ರಿಕೋನಗಳಾಗಿ ಒಡೆದು ಮೂರೂ ಬದಿ ಅಳೆದಿಟ್ಟರೆ ಕೋನ ನೋಡುವ ಗೊಡವೆಯಿಲ್ಲ. ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ಹಾಸಬೇಡಿ, ಮಟ್ಟಸವಾಗಿ ಹಿಡಿದು ಮೆಟ್ಟಿಲು ಇಳಿದಂತೆ ಅಳೆಯಿರಿ. ಜಿಪಿಎಸ್ ಬೇಕಾಗುವುದು ಜಾಗ ಎಲ್ಲಿದೆ ಎಂದು ಗುರುತಿಸಲು ಮಾತ್ರ. ಪ್ರತಿ ಮೂಲೆಯಲ್ಲಿ ಎರಡು-ಮೂರು ನಿಮಿಷ ನಿಂತು ಅಂಕೆ ಸ್ಥಿರವಾದ ಮೇಲೆ ಬರೆದುಕೊಳ್ಳಿ. ನಡೆಯುತ್ತಾ ಗೆರೆ ಎಳೆದದ್ದು ನಂಬುವಂಥದ್ದಲ್ಲ.

ನಕ್ಷೆಯಲ್ಲಿ ಚಕ್ಕುಬಂದಿ ಬೇಕೇ ಬೇಕು. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥವರ ಬೇಣ, ಹೀಗೆ. ಬರೀ ಫಾರೆಸ್ಟ್ ಸರ್ವೆ ನಂಬರ್ ಬರೆದರೆ ಸಾಲದು. ಒಂದೊಂದು ಅರಣ್ಯ ಸರ್ವೆ ನಂಬರೂ ನೂರಾರು ಎಕರೆ ಇರುತ್ತದೆ. ಅದರೊಳಗೆ ನಿಮ್ಮ ಜಾಗ ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಒಂದೇ ಜಾಗಕ್ಕೆ ಇಬ್ಬರ ಅರ್ಜಿ ಬಿದ್ದಿದ್ದೂ ಗೊತ್ತಾಗುವುದಿಲ್ಲ.

ಮತ್ತೆ, 4 ಹೆಕ್ಟೇರ್ ಅನ್ನುವುದು ಮಿತಿ, ಪಾಲು ಅಲ್ಲ. ಅದು 9 ಎಕರೆ 35 ಗುಂಟೆ. ಸಾಗುವಳಿ 20 ಗುಂಟೆ ಇದ್ದು 'ಸಿಕ್ಕರೆ ಸಿಗಲಿ' ಅಂತ 9 ಎಕರೆ ಬರೆದವರ ಅರ್ಜಿ ಮೊದಲು ಹೋಗುತ್ತದೆ, ಜೊತೆಗೆ ಊರಿನ ಉಳಿದವರ ಅರ್ಜಿಯ ಮೇಲೂ ಅನುಮಾನ ತರುತ್ತದೆ.

ಒಂದು ಅನುಮಾನ

ನಿಮ್ಮೆಲ್ಲರ ವಿವರ ಚೆನ್ನಾಗಿದೆ. ಆದರೆ ಕಾಡಿನ ಕಡೆಯಿಂದ ಮಾತಾಡುವವರು ಇಲ್ಲಿ ಒಬ್ಬರೂ ಇಲ್ಲ. ಅಡಿಕೆ ಧಾರಣೆ ಏರಿದ ಹಾಗೆಲ್ಲ ತೋಟ ಬೆಟ್ಟಕ್ಕೆ ಹತ್ತಿದ್ದು ಸುಳ್ಳೇ? 2005ರ ನಂತರ ಕಡಿದದ್ದನ್ನೂ ಅಜ್ಜನ ಹೆಸರಲ್ಲಿ ತೂರಿಸುವುದು ನಡೆದೇ ಇದೆ. ಉಪಗ್ರಹ ಚಿತ್ರ ನೋಡಿ ತೀರ್ಮಾನಿಸಿದರೆ ಎಲ್ಲ ತಂಟೆ ಮುಗಿಯುತ್ತದೆ. ಅದಕ್ಕೇಕೆ ವಿರೋಧ?

ಸರಪಳಿ 33

ಉಪಗ್ರಹ ಚಿತ್ರಕ್ಕೆ ವಿರೋಧವಿಲ್ಲ ಸರ್, ಅದಕ್ಕೆ ಕಾಣದ್ದನ್ನೂ ಅದು ಕಂಡಿದೆ ಅನ್ನುವುದಕ್ಕೆ ವಿರೋಧ. ಅಮೆರಿಕದ ಉಪಗ್ರಹ ಲ್ಯಾಂಡ್‌ಸ್ಯಾಟ್‌ನ ಒಂದು ಚುಕ್ಕೆ 30 ಮೀಟರ್ ಚೌಕ, 900 ಚದರ ಮೀಟರ್, ಅಂದರೆ ಸುಮಾರು 9 ಗುಂಟೆ. 10 ಗುಂಟೆ ಗದ್ದೆ ಅಂದರೆ ಇಡೀ ಚಿತ್ರದಲ್ಲಿ ಒಂದು ಚುಕ್ಕೆ, ಅದೂ ಅಕ್ಕಪಕ್ಕದ ಮರದ ಬಣ್ಣ ಬೆರೆತದ್ದು. ನಮ್ಮ ಲಿಸ್-3 ಸಂವೇದಕದ್ದು 23.5 ಮೀಟರ್, ಲಿಸ್-4ರದ್ದು 5.8 ಮೀಟರ್. ಹಲಸು, ಮಾವು, ಬಾಳೆ, ಅಡಿಕೆ ಬೆರೆತ ಹಿತ್ತಿಲು ಮೇಲಿಂದ ನೋಡಿದರೆ ಕಾಡೇ. ನೆರಳಿನ ಕೆಳಗಿನ ಸೋಗೆ ಮನೆಯೂ ಕಾಣದು. ಮಳೆಗಾಲದ ಚಿತ್ರದಲ್ಲಂತೂ ಬರೀ ಮೋಡ. ಮೊದಲ ಲ್ಯಾಂಡ್‌ಸ್ಯಾಟ್ ಹಾರಿದ್ದೇ 1972ರಲ್ಲಿ, 1930ರ ಮಾತಿಗೆ ಅದು ಬರುವುದೇ ಇಲ್ಲ. ನಿಯಮವೂ ಅದನ್ನೇ ಹೇಳುತ್ತದೆ: ಉಪಗ್ರಹ ಚಿತ್ರ ಬೇರೆ ಸಾಕ್ಷಿಗೆ ಪೂರಕ, ಬದಲಿ ಅಲ್ಲ.

ಆದರೆ 2005ರ ಆಚೀಚೆ ಒಂದೆರಡು ಎಕರೆ ಬೋಳಾದದ್ದು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಅಂಥ ಕಡೆ ಖಂಡಿತ ಬಳಸಲಿ. ನಂತರ ಕಡಿದವರನ್ನು ಕಾಯ್ದೆ ಕಾಪಾಡುವುದಿಲ್ಲ, ಕಾಪಾಡಲೂಬಾರದು.

ಹಳೇ ಕಡತ

ಅನುಮಾನದವರ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ತೂರಿಸುವವರು ಇದ್ದಾರೆ. ಆದರೆ ಇತಿಹಾಸ ಸ್ವಲ್ಪ ಹಿಂದಿನಿಂದ ನೋಡಬೇಕು. ಬ್ರಿಟಿಷರು ಕುಮರಿ, ಅಂದರೆ ಕಾಡು ಕಡಿದು ಸುಟ್ಟು ಜಾಗ ಬದಲಿಸುತ್ತಾ ಮಾಡುವ ಬೇಸಾಯವನ್ನು ನಿರ್ಬಂಧಿಸಿದರು, 1878ರ ಕಾಯ್ದೆಯಲ್ಲಿ ಕಾಡನ್ನು ಕಾಯ್ದಿಟ್ಟ, ರಕ್ಷಿತ ಎಂದು ವಿಂಗಡಿಸಿದರು. ತೋಟ ಇದ್ದವರಿಗೆ ಘಟ್ಟದ ಮೇಲೆ ಎಕರೆಗೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡು) ಸವಲತ್ತು ಸಿಕ್ಕಿತು. ತೋಟ ಇಲ್ಲದ ಕುಮರಿಯವನಿಗೆ ಏನೂ ಸಿಗಲಿಲ್ಲ, ಅವನು ಅತಿಕ್ರಮಣದಾರನಾದ. ಆ ವಿಂಗಡಣೆಯೇ ಇಂದಿಗೂ ಮುಂದುವರಿದಿದೆ. ಸೊರಬದ ಕಾನುಗಳ (ನಿತ್ಯಹಸಿರಿನ ಕಾಡುಗಳು) ಬಗ್ಗೆ 1868ರಷ್ಟು ಹಿಂದೆಯೇ ಬ್ರಿಟಿಷ್ ಸರ್ಕಾರದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ವರದಿ ಬರೆದಿದ್ದರು. ಮೆಣಸು, ಬಗನಿ ಕೊಡುವ ಆ ಕಾನುಗಳನ್ನು ನೋಡಿಕೊಂಡು ಬಂದವರು ಊರಿನವರೇ.

ಅಂದಹಾಗೆ, ಸೊಪ್ಪಿನ ಬೆಟ್ಟವನ್ನು ನಮೂನೆ 'ಎ'ಯಲ್ಲಿ ಸ್ವಂತ ಸಾಗುವಳಿ ಎಂದು ಹಾಕುವುದು ತಪ್ಪು. ಅದು ಬಳಕೆಯ ಹಕ್ಕು, ಕಾಯ್ದೆಯ ಭಾಷೆಯಲ್ಲಿ ನಿಸ್ತಾರ್ ಇದ್ದಂತೆ. ಹೋಗಬೇಕಾದ್ದು ನಮೂನೆ 'ಬಿ'ಗೆ, ಊರಿನ ಹೆಸರಲ್ಲಿ. ಊರಿಗೆ ಊರೇ ಕಾಯ್ದುಕೊಂಡು ಬಂದ ಕಾಡಿನ ನಿರ್ವಹಣೆಗೆ ನಮೂನೆ 'ಸಿ'. ಇನ್ನು ಬಗರ್ ಹುಕುಂ ನಮೂನೆ 50, 53, 57 ಇವೆಲ್ಲ ಕಂದಾಯ ಭೂಮಿಗೆ. ಅರಣ್ಯ ಭೂಮಿಗೆ 57 ಹಾಕಿ ವರ್ಷಗಟ್ಟಲೆ ಕಾಯುವವರು ಎಷ್ಟೋ ಜನ.

ತರಗು

ನಮೂನೆ 'ಸಿ' ಬಗ್ಗೆ ಇಲ್ಲಿ ಯಾರೂ ಬಿಡಿಸಿ ಹೇಳಲಿಲ್ಲ, ನಿಜವಾದ ವಿಷಯ ಇರುವುದು ಅದರಲ್ಲಿ. ಬಿಳಿಗಿರಿರಂಗನ ಬೆಟ್ಟ 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಮಾನ್ಯವಾಯಿತು. ಹುಲಿ ಇರುವ ಕಾಡಿನಲ್ಲಿ ಜನಕ್ಕೆ ಹಕ್ಕಿರಲು ಸಾಧ್ಯವಿಲ್ಲ ಅನ್ನುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಅನುಮಾನದವರು 'ಕಾಡಿನ ಕಡೆಯಿಂದ' ಅಂದರಲ್ಲ, ಸೋಲಿಗರ ತರಗು ಬೆಂಕಿ ನೋಡಿ. ಬೇಸಿಗೆ ಇನ್ನೂ ಬಲಿಯುವ ಮುನ್ನ, ಉದುರಿದ ಎಲೆ ಪೂರ್ತಿ ಗರಿಗರಿಯಾಗುವ ಮೊದಲು ನೆಲದ ತರಗಿಗೆ ಹಚ್ಚುವ ಸಣ್ಣ ಬೆಂಕಿ ಅದು. ಮೊಣಕಾಲು ಮಟ್ಟದಲ್ಲಿ ಹಾದುಹೋಗುತ್ತದೆ, ದೊಡ್ಡ ಮರಕ್ಕೆ ಏನೂ ಆಗದು. ಲಂಟಾನದ ಸಸಿ ಸಾಯುತ್ತದೆ, ಹುಲ್ಲು ಚಿಗುರುತ್ತದೆ, ನೆಲ್ಲಿಮರಕ್ಕೆ ಅಂಟುವ ಉಪ್ಪಿಲು, ಬೇರೆ ಕಡೆ ಬದನಿಕೆ ಅನ್ನುತ್ತಾರಲ್ಲ, ಅದೂ ಹತೋಟಿಯಲ್ಲಿರುತ್ತದೆ. 1974ರಲ್ಲಿ ಅಭಯಾರಣ್ಯವಾದ ಮೇಲೆ ಬೆಂಕಿ ನಿಷೇಧ. ಲಂಟಾನ ಆಳೆತ್ತರ ಬೆಳೆದು ಕಾಡಿನ ತಳವನ್ನೆಲ್ಲ ಮುಚ್ಚಿತು. ಈಗ ಬೆಂಕಿ ಬಿದ್ದರೆ ಅದೇ ಲಂಟಾನ ಏಣಿಯಾಗಿ ಜ್ವಾಲೆ ಮರದ ನೆತ್ತಿಗೆ ಹೋಗುತ್ತದೆ. ಹಾಗಂತ ಇಂದು ಯಾರೋ ಹೋಗಿ ಕಡ್ಡಿ ಗೀರಿದರೆ ತರಗು ಬೆಂಕಿ ಆಗುವುದಿಲ್ಲ. ಮೊದಲು ಲಂಟಾನ ಬುಡಸಮೇತ ಕಿತ್ತು ತರಗನ್ನು ಹಳೆಯ ಮಟ್ಟಕ್ಕೆ ತರಬೇಕು. ಹುಲ್ಲಿಗೂ ಲಂಟಾನಕ್ಕೂ ಒಟ್ಟಿಗೆ ಬೆಂಕಿ ಬಿದ್ದರೆ ಅನಾಹುತವೇ.

ಎಲ್ಲೆ ಗುರುತಿಸುವ ವಿಷಯದಲ್ಲೂ ಅವರಿಂದ ಕಲಿಯುವುದಿದೆ. ಸೋಲಿಗರ ಕುಲಗಳಿಗೆ ಕುಲದ ಎಲ್ಲೆ ಇದೆ. ಪ್ರತಿ ಎಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ತಾಣಗಳಿವೆ. ಕಲ್ಲುಗುಡಿ ಅಂದರೆ ಮಸಣ, ಅಬ್ಬಿ ಅಂದರೆ ನೀರಿನ ಸೆಲೆ. ಹಿರಿಯರ ಜೊತೆ ನಡೆದು ಈ ತಾಣಗಳನ್ನು ಒಂದೊಂದಾಗಿ ನಕ್ಷೆಗೆ ಏರಿಸಿದರೆ ಸಾಂಪ್ರದಾಯಿಕ ಗಡಿ ತಾನಾಗಿ ಮೂಡುತ್ತದೆ. ಕೂತಲ್ಲೇ ನಕ್ಷೆಯ ಮೇಲೆ ಗೆರೆ ಎಳೆದು ಪಕ್ಕದ ಪೋಡಿನ (ಸೋಲಿಗರ ಕೇರಿ) ಜೊತೆ ಜಗಳ ತಂದುಕೊಳ್ಳುವ ಬದಲು, ಗಡಿಯ ನಡಿಗೆಗೆ ಅವರನ್ನೂ ಕರೆದು ಸಹಿ ಹಾಕಿಸಿಕೊಳ್ಳಿ.

ಮಜರೆ

ಗ್ರಾಮಸಭೆ ಬಗ್ಗೆ ಒಬ್ಬರಾದರೂ ಹೇಳಿ. ನಡಾವಳಿಯಲ್ಲೇ ದೋಷ ಅಂತ ಎಷ್ಟೋ ಕಡತ ವಾಪಸ್ ಬರುತ್ತಿವೆ.

ಹಳೇ ಕಡತ

ಕೋರಂ ನೋಡಿ. 2012ರ ನಂತರ ಗ್ರಾಮಸಭೆಯ ಒಟ್ಟು ಸದಸ್ಯರಲ್ಲಿ ಅರ್ಧ ಜನ ಇರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಹಕ್ಕಿನ ಅರ್ಜಿಗಳ ಮೇಲೆ ನಿರ್ಣಯವಾಗುವ ದಿನ ಅರ್ಜಿದಾರರಲ್ಲಿ ಅಥವಾ ಅವರ ಪ್ರತಿನಿಧಿಗಳಲ್ಲಿ ಅರ್ಧದಷ್ಟಾದರೂ ಹಾಜರಿರಬೇಕು. ಪಂಚಾಯತಿ ಮಟ್ಟದಲ್ಲಿ ಹತ್ತು ಹಳ್ಳಿಗೆ ಒಂದೇ ಸಭೆ ಕರೆದರೆ ಈ ಸಂಖ್ಯೆ ಎಂದೂ ಕೂಡುವುದಿಲ್ಲ, ಮಜರೆಗೊಂದು ಸಭೆ ಕರೆದರೆ ಸುಲಭ. ಸಹಿ ವಹಿಯಲ್ಲಿ ಮತದಾರರ ಪಟ್ಟಿಯ ಕ್ರಮಸಂಖ್ಯೆ, ಗಂಡು-ಹೆಣ್ಣು ಎರಡು ಪ್ರತ್ಯೇಕ ಕಾಲಂ ಹಾಕಿ, ಕೊನೆಗೆ ಕೂಡಿಸಿ ಬರೆಯಿರಿ. ಖಾಲಿ ವಹಿಯಲ್ಲಿ ಸಹಿ ಮೊದಲು ತೆಗೆದುಕೊಂಡು ನಿರ್ಣಯ ಆಮೇಲೆ ತುಂಬಿಸುವ ಚಾಳಿ ಬಿಡಬೇಕು. ಒಬ್ಬ ಪ್ರಶ್ನಿಸಿದರೆ ಇಡೀ ಊರಿನದ್ದು ಬಿದ್ದುಹೋಗುತ್ತದೆ.

ಅರಣ್ಯ ಹಕ್ಕು ಸಮಿತಿಯಲ್ಲಿ 10ರಿಂದ 15 ಜನ, ಮೂರನೇ ಒಂದು ಹೆಂಗಸರು, ಪರಿಶಿಷ್ಟ ಪಂಗಡದವರು ಇರುವ ಊರಾದರೆ ಮೂರರಲ್ಲಿ ಎರಡು ಪಾಲು ಅವರು. ಸ್ಥಳ ಪರಿಶೀಲನೆಗೆ ಅರಣ್ಯ ಇಲಾಖೆಗೆ, ಕಂದಾಯ ಇಲಾಖೆಗೆ ಲಿಖಿತ ನೋಟೀಸು ಕೊಟ್ಟು ಮುಟ್ಟಿದ ಮೊಹರು ಹಾಕಿಸಿಟ್ಟುಕೊಳ್ಳಿ. ಬಂದ ಅಧಿಕಾರಿ ಹುದ್ದೆ, ದಿನಾಂಕ, ಅಭಿಪ್ರಾಯ ಬರೆದು ಸಹಿ ಮಾಡಬೇಕು. ಬರದಿದ್ದರೆ ಬರಲಿಲ್ಲ ಎಂದೇ ಪಂಚನಾಮೆಯಲ್ಲಿ ಬರೆಯಿರಿ. ಮುಂದೆ ಮೇಲಿನ ಸಮಿತಿಯಲ್ಲಿ ಅವರು ತಕರಾರು ತೆಗೆದಾಗ ಕೈಯಲ್ಲಿರುವ ಅಸ್ತ್ರ ಅದೇ.

ಮೇಲೆ ಎರಡು ಹಂತ: ಉಪವಿಭಾಗಾಧಿಕಾರಿಯ ಸಮಿತಿ, ಜಿಲ್ಲಾಧಿಕಾರಿಯ ಸಮಿತಿ. ತಿರಸ್ಕರಿಸಿದರೆ ಕಾರಣ ಸಹಿತ ಆದೇಶವನ್ನು ಅರ್ಜಿದಾರನಿಗೆ ಖುದ್ದು ತಿಳಿಸಬೇಕು. ಮೇಲ್ಮನವಿಗೆ 60 ದಿನ. ನೋಟೀಸನ್ನು ಪಂಚಾಯತಿ ಗೋಡೆಗೆ ಅಂಟಿಸಿ ದಿನ ಎಣಿಸುವುದು ಸಲ್ಲದು, ಆದೇಶದ ಪ್ರತಿ ಸಿಕ್ಕ ದಿನಾಂಕವನ್ನು ಮನವಿಯಲ್ಲಿ ಮೊದಲ ಸಾಲಿಗೇ ಬರೆಯಿರಿ. ನಮ್ಮಲ್ಲಿ ಇನ್ನೊಂದು ತೊಡಕಿದೆ. ಈ ಎರಡೂ ಸಮಿತಿಗಳಲ್ಲಿ ಮೂವರು ಪಂಚಾಯತಿ ಪ್ರತಿನಿಧಿಗಳು ಇರಬೇಕು. 2021ರಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯತಿಗಳ ಅವಧಿ ಮುಗಿದು ವರ್ಷಗಟ್ಟಲೆ ಚುನಾವಣೆಯಾಗದೆ ಆ ಕುರ್ಚಿಗಳು ಖಾಲಿ. ಬರೀ ಅಧಿಕಾರಿಗಳೇ ಕೂತು ತೀರ್ಮಾನಿಸಿದ ಕಡತವಾದರೆ ಮನವಿಯಲ್ಲಿ ಆ ಅಂಶ ಎತ್ತಬಹುದು.

ಮಜರೆ

ಆದೇಶದ ಪ್ರತಿಯೇ ಕೊಡದಿದ್ದರೆ?

ಗಡಿಕಲ್ಲು

ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ, ಬಿಪಿಎಲ್ ಇದ್ದರೆ ಅದೂ ಇಲ್ಲ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಅತಿಕ್ರಮಣ ಪಟ್ಟಿ, ಸಮಿತಿ ನಡಾವಳಿ, ನಿಮ್ಮ ಕಡತದ ಆದೇಶ, ಎಲ್ಲ ಒಂದರಲ್ಲೇ ತುರುಕಿದರೆ 'ಒಂದಕ್ಕಿಂತ ಹೆಚ್ಚು ವಿಷಯ' ಅಂತ ವಾಪಸ್. ಮೂರು ಅರ್ಜಿ ಮಾಡಿ. ಕಥೆ ಬರೆಯಬೇಡಿ, ಕಡತ ಸಂಖ್ಯೆ, ದಿನಾಂಕ, ಬೇಕಾದ ಪುಟ.

ಒಂದು ಅನುಮಾನ

2019ರಲ್ಲಿ ಸುಪ್ರೀಂ ಕೋರ್ಟ್ ತಿರಸ್ಕೃತರನ್ನೆಲ್ಲ ಎಬ್ಬಿಸಲು ಹೇಳಿತ್ತಲ್ಲ, ಅದು ಏನಾಯಿತು?

ಹಳೇ ಕಡತ

13 ಫೆಬ್ರವರಿ 2019ರ ಆದೇಶ ಅದು. 28 ಫೆಬ್ರವರಿಗೆ ಅದೇ ನ್ಯಾಯಾಲಯ ತಡೆ ಹಾಕಿ, ತಿರಸ್ಕಾರ ಹೇಗೆ ಆಯಿತು, ಕ್ರಮ ಪಾಲಿಸಿದ್ದೀರಾ ಎಂದು ರಾಜ್ಯಗಳನ್ನೇ ಕೇಳಿತು. ಕಾಯ್ದೆಯ 4(5) ಕಲಮಿನ ಪ್ರಕಾರ ಪರಿಶೀಲನೆ ಮುಗಿಯುವವರೆಗೆ ಒಕ್ಕಲೆಬ್ಬಿಸುವಂತಿಲ್ಲ. ಕರ್ನಾಟಕ ಅರಣ್ಯ ಕಾಯ್ದೆಯ 64-ಎ ಕಲಮಿನ ಒಕ್ಕಲೆಬ್ಬಿಸುವ ನೋಟೀಸು ಬಂದರೆ ಸುಮ್ಮನಿರಬೇಡಿ. ಅರಣ್ಯ ಹಕ್ಕು ಅರ್ಜಿ ಬಾಕಿಯಿದೆ ಎಂದು ಸ್ವೀಕೃತಿ ಸಂಖ್ಯೆ ಸಮೇತ ಲಿಖಿತ ಉತ್ತರ ಕೊಡಿ. ಬಾಯಿಮಾತಿನ ಉತ್ತರ ಕಡತಕ್ಕೆ ಹೋಗುವುದಿಲ್ಲ.

ಕಾನಂಚು

ಬಹಳ ಉಪಕಾರವಾಯಿತು. ಕೊನೆಯದೊಂದು. ಹಕ್ಕುಪತ್ರ ಗಂಡನ ಹೆಸರಿಗೆ ಮಾತ್ರ ಬಂದ ಉದಾಹರಣೆಗಳಿವೆ. ಗಂಡ ತೀರಿಕೊಂಡ ಮೇಲೆ ಹೆಂಡತಿಯ ಗತಿ? ಮಾರಬಹುದೇ, ಬ್ಯಾಂಕಿನಲ್ಲಿ ಇಡಬಹುದೇ?

ಹಳೇ ಕಡತ

ಮದುವೆಯಾದವರಿಗೆ ಜಂಟಿ ಹೆಸರು ಕಾಯ್ದೆಯಲ್ಲೇ ಕಡ್ಡಾಯ, 4(4). ಒಬ್ಬರ ಹೆಸರಲ್ಲಿ ಬಂದಿದ್ದರೆ ಅದು ಬರೆಯುವವರ ತಪ್ಪು. ತಿದ್ದುಪಡಿಗೆ ಜಿಲ್ಲಾ ಸಮಿತಿಗೆ ಅರ್ಜಿ ಕೊಡಿ, ಗ್ರಾಮಸಭೆಯ ನಿರ್ಣಯ ಲಗತ್ತಿಸಿ. ವಾರಸುದಾರರಿಗೆ ಹೋಗುತ್ತದೆ, ಮಾರುವಂತಿಲ್ಲ, ಪರಭಾರೆ ಮಾಡುವಂತಿಲ್ಲ. ಹಾಗಾಗಿ ಭೂಮಿ ಅಡವಿಟ್ಟು ಸಾಲ ಎತ್ತುವ ದಾರಿಯೂ ಮುಚ್ಚಿದೆ.

ಅರ್ಜಿ ನಮೂನೆ 'ಎ'ಯಲ್ಲಿ ಅರ್ಜಿದಾರನ ಹೆಸರಿನ ಕೆಳಗಿನ ಸಾಲೇ ಸಂಗಾತಿಯ ಹೆಸರಿನದ್ದು. ಬಹಳ ಜನ ಅದನ್ನು ಖಾಲಿ ಬಿಟ್ಟಿರುತ್ತಾರೆ, ನೋಡಿಕೊಳ್ಳಿ.